ಹಸಿ ಜೋಳಕ್ಕೆ ಮೂರು ಡಿಗ್ರಿ ಬಿಸಿ

2019ರ ನವೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ, ಅಯೋವಾ ಸೀಮೆಯಲ್ಲಿ ಪ್ರೊಪೇನ್ ಗ್ಯಾಸಿಗೆ ಹಾಹಾಕಾರವೆದ್ದಿತ್ತು. ತುಂಬಿಸಿಕೊಳ್ಳುವ ಕೇಂದ್ರಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅಷ್ಟು ಗ್ಯಾಸು ಬೇಕಾಗಿದ್ದದ್ದು ಮನೆ ಬೆಚ್ಚಗಿಡಲಿಕ್ಕಷ್ಟೇ ಅಲ್ಲ, ಮೆಕ್ಕೆಜೋಳ ಒಣಗಿಸಲಿಕ್ಕೆ. ಆ ವರ್ಷ ಮಳೆ ಬಿಡದೆ ಬಿತ್ತನೆ ತಡವಾಗಿತ್ತು, ತೆನೆ ಬಲಿಯುವುದೂ ತಡವಾಯಿತು. ಕೊಯ್ಲಿನ ಹೊತ್ತಿಗೆ ಮತ್ತೆ ಮಳೆ, ಹಿಮ. ಎಲ್ಲರ ಜೋಳವೂ ಹಸಿಹಸಿಯಾಗಿ ಒಟ್ಟಿಗೇ ಬಂತು. ಉತ್ತರ ಡಕೋಟದಲ್ಲಂತೂ ಡಿಸೆಂಬರ್ ಮೊದಲ ವಾರದಲ್ಲೂ ಅರ್ಧಕ್ಕಿಂತ ಹೆಚ್ಚು ಬೆಳೆ ಹೊಲದಲ್ಲೇ ನಿಂತಿತ್ತು.

ನಮ್ಮ ಹಾವೇರಿ, ದಾವಣಗೆರೆ ಕಡೆಯಾದರೆ ಕಣದಲ್ಲಿ ಹರವುತ್ತಾರೆ, ಕಣ ಸಾಲದಿದ್ದರೆ ಡಾಂಬರು ರಸ್ತೆ ಇದ್ದೇ ಇದೆ. ಅಲ್ಲಿ ನವೆಂಬರಿನ ಬಿಸಿಲಿಗೆ ಕಾವೇ ಇರುವುದಿಲ್ಲ. ಹಾಗಾಗಿ ಅನೇಕ ರೈತರು ಹಸಿ ಕಾಳನ್ನು ನೇರ ಉಕ್ಕಿನ ಕಣಜಕ್ಕೇ ಸುರಿದು ಅಲ್ಲೇ ಒಣಗಿಸುತ್ತಾರೆ. ಕಣಜದ ತಳ ಜರಡಿಯಂತೆ ತೂತುತೂತು. ಅದರಡಿಯ ಪೊಳ್ಳಿಗೆ ದೊಡ್ಡ ಫ್ಯಾನು ಗಾಳಿ ನುಗ್ಗಿಸುತ್ತದೆ. ಗಾಳಿ ಕಾಳಿನ ಸಂದುಗಳಲ್ಲಿ ಮೇಲೇರಿ, ತೇವ ಹೊತ್ತುಕೊಂಡು ಚಾವಣಿಯ ಕಿಂಡಿಯಿಂದ ಹೊರಬೀಳುತ್ತದೆ.

ಕಳೆಯಬೇಕಾದ ನೀರೇನೂ ಕಡಿಮೆಯಲ್ಲ. ಶೇ 20 ತೇವಾಂಶದ ಒಂದು ಟನ್ ಜೋಳವನ್ನು ಶೇ 15ಕ್ಕೆ ಇಳಿಸಬೇಕೆಂದರೆ ಸುಮಾರು 59 ಕಿಲೊ ನೀರು ಆವಿಯಾಗಬೇಕು. ಕಣಜದಲ್ಲಿ ಇರುವುದು ನೂರಾರು ಟನ್. ಅಷ್ಟೂ ನೀರು ಹೋಗಬೇಕಾದದ್ದು ಗಾಳಿಯ ಬೆನ್ನೇರಿಯೇ. ಗ್ಯಾಸಿನ ಬೆಂಕಿಯ ಕೆಲಸವೆಂದರೆ ಆ ಗಾಳಿಯ ದಾಹ ಹೆಚ್ಚಿಸುವುದು, ಅಷ್ಟೆ.

ದಾಹದ ಲೆಕ್ಕ ಹೀಗಿದೆ. ಗಾಳಿ ಸುಮಾರು 11 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆವಿ ಇದ್ದಷ್ಟೇ ಇದ್ದರೂ ಸಾಪೇಕ್ಷ ಆರ್ದ್ರತೆ ಅರ್ಧಕ್ಕೆ ಇಳಿಯುತ್ತದೆ. ಕಾಳು ತನ್ನ ಸುತ್ತಲಿನ ಗಾಳಿಗೆ ಹೊಂದಿಕೊಳ್ಳುವ ವಸ್ತು. ಒಂದೇ ತಾಪ, ಒಂದೇ ಆರ್ದ್ರತೆಯ ಗಾಳಿಯಲ್ಲಿ ಎಷ್ಟು ದಿನ ಇಟ್ಟರೂ ಅದರ ತೇವ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. 4 ಡಿಗ್ರಿಯ, ಶೇ 80 ಆರ್ದ್ರತೆಯ ಗಾಳಿಯಲ್ಲಿ ಮೆಕ್ಕೆಜೋಳ ಶೇ 17-18ರ ಸುಮಾರಿಗೆ ನಿಲ್ಲುತ್ತದೆ. ಅದು ಇಟ್ಟುಕೊಳ್ಳಲು ಯೋಗ್ಯವಲ್ಲ. ಅದೇ ಗಾಳಿಯನ್ನು ಬರೀ 3 ಡಿಗ್ರಿ ಬಿಸಿ ಮಾಡಿದರೆ ಆರ್ದ್ರತೆ ಶೇ 66ರ ಹತ್ತಿರ ಬರುತ್ತದೆ, ಕಾಳು ಶೇ 15ರ ಆಸುಪಾಸಿಗೆ ಇಳಿಯುತ್ತದೆ. ಚಳಿಗಾಲ ಕಳೆಯಲು ಅಷ್ಟು ಸಾಕು.

ಮೂರು ಡಿಗ್ರಿಗೆ ಇಷ್ಟು ಫಲವಾದರೆ ಹನ್ನೊಂದು ಡಿಗ್ರಿ ಏರಿಸಿಬಿಡೋಣ ಎಂದು ಆಸೆಯಾಗುವುದು ಸಹಜ. ಎಡವುವುದೂ ಅಲ್ಲೇ. ಅಷ್ಟು ಬಿಸಿ ಮಾಡಿದರೆ ಆರ್ದ್ರತೆ ಶೇ 40ಕ್ಕೆ ಇಳಿದು ತಳದ ಕಾಳು ಶೇ 10ಕ್ಕೆ ಒಣಗುತ್ತದೆ. ಜೋಳ ಮಾರುವುದು ತೂಕದ ಮೇಲೆ. ಅತಿಯಾಗಿ ಒಣಗಿಸಿದವನು ಗ್ಯಾಸಿನ ದುಡ್ಡು ಕೊಟ್ಟು ತನ್ನ ತೂಕವನ್ನೇ ಆವಿ ಮಾಡಿಕೊಂಡ ಹಾಗಾಯಿತು.

ಇನ್ನೂ ಕೆಟ್ಟದ್ದು ಮೇಲುಗಡೆ ನಡೆಯುತ್ತದೆ. ಕಣಜದ ರಾಶಿ ಒಟ್ಟಿಗೇ ಒಣಗುವುದಿಲ್ಲ. ಒಂದೆರಡು ಅಡಿ ದಪ್ಪದ ಒಣಗುವ ಪದರವೊಂದು ತಳದಲ್ಲಿ ಹುಟ್ಟಿ ನಿಧಾನವಾಗಿ ಮೇಲೇರುತ್ತದೆ. ಅದರ ಕೆಳಗೆ ಒಣ ಕಾಳು, ಮೇಲೆ ಇನ್ನೂ ಹಸಿ. ತಂಪು ಗಾಳಿಯಲ್ಲಿ ಈ ಪದರ ನೆತ್ತಿ ಮುಟ್ಟಲು ತಿಂಗಳು, ಒಂದೂವರೆ ತಿಂಗಳು ಬೇಕು. ಅಷ್ಟರೊಳಗೆ ಮೇಲಿನ ಹಸಿ ಕಾಳಿಗೆ ಬೂಷ್ಟು ಹಿಡಿಯಬಾರದು. ಶೇ 20 ತೇವದ ಜೋಳ 10 ಡಿಗ್ರಿಯಲ್ಲಿ ಸುಮಾರು 50 ದಿನ ತಾಳುತ್ತದೆ. 21 ಡಿಗ್ರಿಯಲ್ಲಿ ಎರಡು ವಾರ ದಾಟುವುದೇ ಹೆಚ್ಚು. ಬಿಸಿ ಜಾಸ್ತಿ ಮಾಡಿದಷ್ಟೂ ಮೇಲಿನ ಕಾಳಿಗೆ ಬೆಚ್ಚಗೆ ಕೆಡುವ ಅನುಕೂಲ ಮಾಡಿಕೊಟ್ಟಂತೆ. ಗಾಳಿಯ ಪ್ರಮಾಣ ಹೆಚ್ಚಿಸದೆ ಬರ್ನರ್ ಮಾತ್ರ ಜೋರು ಮಾಡುವುದು ಶುದ್ಧ ತಪ್ಪು. ಬಲ್ಲ ರೈತರು ಆರ್ದ್ರತೆ ನೋಡಿ ತಾನೇ ಹೊತ್ತಿ ಆರುವ ಸ್ವಿಚ್ಚನ್ನು ಹೀಟರಿಗೆ ಕೂಡಿಸುತ್ತಾರೆ. ಫ್ಯಾನಿನ ಮೋಟಾರೇ ಗಾಳಿಯನ್ನು ಒಂದೆರಡು ಡಿಗ್ರಿ ಬಿಸಿ ಮಾಡುವುದರಿಂದ ಎಷ್ಟೋ ದಿನ ಹೀಟರ್ ಬೇಕಾಗುವುದೇ ಇಲ್ಲ.

ಕೊರೆಯುವ ಚಳಿ ಬಂದಮೇಲೆ ಈ ವಿದ್ಯೆ ನಡೆಯದು. ಸೊನ್ನೆಗಿಂತ ಕೆಳಗಿನ ಗಾಳಿ ಹೊರುವ ನೀರು ತೀರಾ ಅಲ್ಪ. ಆಗ ಉತ್ತರದ ರಾಜ್ಯಗಳವರು ಒಣಗಿಸುವುದನ್ನೇ ನಿಲ್ಲಿಸಿ, ರಾಶಿಯನ್ನು ಸೊನ್ನೆಯ ಕೆಳಕ್ಕೆ ತಂಪು ಮಾಡಿ, ಫ್ಯಾನಿನ ಬಾಯಿ ಮುಚ್ಚಿ ಏಪ್ರಿಲ್‌ವರೆಗೆ ಕಾಯುತ್ತಾರೆ. ಹೆಪ್ಪುಗಟ್ಟುವ ಚಳಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ.

ಕೆಟ್ಟ ಕಾಳು ಜೀವವನ್ನೂ ತೆಗೆಯುತ್ತದೆ. ಮೇಲ್ಪದರ ಬೂಷ್ಟು ಹಿಡಿದು ಹೆಂಟೆಗಟ್ಟಿದರೆ, ಕೆಳಗಿನಿಂದ ಕಾಳು ಖಾಲಿಯಾದರೂ ಮೇಲಿನ ಹೊದಿಕೆ ಹಾಗೇ ನಿಂತಿರುತ್ತದೆ. ಒಡೆಯಲೆಂದು ಅದರ ಮೇಲೆ ಕಾಲಿಟ್ಟವರು ಕುಸಿದು ಕಾಳಿನಲ್ಲಿ ಹೂತುಹೋಗಿದ್ದಾರೆ. ಇಂಥ ಅವಘಡಗಳನ್ನು ಪರ್ಡ್ಯೂ ವಿಶ್ವವಿದ್ಯಾಲಯ ದಶಕಗಳಿಂದ ದಾಖಲಿಸುತ್ತಿದೆ.

ನಮ್ಮಲ್ಲಿ ಉಕ್ಕಿನ ಕಣಜ ಎಲ್ಲರ ಬಳಿ ಇಲ್ಲ, ಕೊಯ್ಲಿನ ಹೊತ್ತಿಗೆ ಬರುವ ಅಕಾಲ ಮಳೆ ಮಾತ್ರ ಎಲ್ಲರಿಗೂ ಇದೆ. ಬೆಂಬಲ ಬೆಲೆಯ ಖರೀದಿಗೆ ಮೆಕ್ಕೆಜೋಳದ ತೇವಾಂಶ ಶೇ 14 ಮೀರುವಂತಿಲ್ಲ. ಹಲ್ಲಿನಲ್ಲಿ ಕಟಕ್ಕೆಂದು ಕಡಿದು ನೋಡಿದರೆ 14ಕ್ಕೂ 16ಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಮೀಟರ್ ಇದ್ದರೂ ಈಗಷ್ಟೇ ಒಣಗಿಸಿದ ಕಾಳಿನಲ್ಲಿ ಅದು ಮೋಸ ಮಾಡುತ್ತದೆ: ಹೊರಮೈ ಒಣಗಿ ಒಳಗಿನ್ನೂ ಹಸಿಯಿದ್ದರೆ ಅಂಕಿ ಕಡಿಮೆಯೇ ತೋರುತ್ತದೆ. ಹಾಗಾಗಿ ಒಂದು ಹಿಡಿ ಕಾಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಮತ್ತೊಮ್ಮೆ ಅಳೆದು, ಆಮೇಲೆ ಚೀಲಕ್ಕೆ ತುಂಬಿ.