ಸಿಂಕಿನ ಕೆಳಗೊಂದು ಕೋಣೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಆ ಮಾತಿಗೆ ಇನ್ನೊಂದನ್ನು ಸೇರಿಸಬಹುದೇನೋ: ಕಟ್ಟಿದ ಮನೆಯಲ್ಲಿ ಸಿಂಕಿನ ಕೆಳಗೊಮ್ಮೆ ಬಗ್ಗಿ ನೋಡು!

ಚೌತಿಯ ರಜೆಗೆಂದು ಅಕ್ಕನ ಊರಾದ ಸನವಳ್ಳಿಗೆ ಹೋಗಿದ್ದೆ. ಮುಂಡಗೋಡ ತಾಲ್ಲೂಕಿನ ಊರು. ಜಲಾಶಯವಿದೆ, ಸುತ್ತ ಗದ್ದೆಗಳಿವೆ. ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಬಯಲುಸೀಮೆಯ ಬಾಗಿಲು. ಅಕ್ಕನ ಮನೆಯಲ್ಲಿ ಈಚೆಗೆ ಹಳೆಯ ಅಡುಗೆಮನೆ ಕೆಡವಿ ಹೊಸದು ಕಟ್ಟಿಸಿದ್ದಾರೆ. ಕರಿಯ ಗ್ರಾನೈಟಿನ ಕಟ್ಟೆ, ಹೊಳೆಯುವ ಉಕ್ಕಿನ ಸಿಂಕು, ಅದರ ಕೆಳಗೆ ಹೂವಿನ ಚಿತ್ತಾರದ ಪರದೆ. ನೋಡಲು ಚೆಂದ. ಆದರೆ ಪಾತ್ರೆ ತೊಳೆಯುವ ನಾರು ಬೇಕೆಂದು ಪರದೆ ಸರಿಸಿದೆ ನೋಡಿ, ಖಾಲಿ ಡಬ್ಬಿ, ಪ್ಲಾಸ್ಟಿಕ್ ಚೀಲದ ಗಂಟು, ಮುರಿದ ಮೊರ, ಸೋಪಿನ ಪುಡಿ, ಫಿನೈಲು ಎಲ್ಲ ಒಂದರ ಮೇಲೊಂದು. ಮೂಲೆಯಲ್ಲಿ ಅರ್ಧ ಚೀಲ ಜೋಳ. ಅದರ ಪಕ್ಕ ತಂಪು ಪಾನೀಯದ ಹಳೆಯ ಬಾಟಲಿ, ಒಳಗೆ ಹಳದಿ ಬಣ್ಣದ ನೀರಿನಂಥದ್ದೇನೋ.

‘ಏನಕ್ಕಾ ಇದು?’ ಎಂದೆ.

‘ಪಾಯಿಖಾನಿ ತೊಳಿಯೋ ಆ್ಯಸಿಡ್ಡು. ದೊಡ್ಡ ಕ್ಯಾನ್ ಎತ್ತಾಕ ಭಾರ ಆಗ್ತತಿ ಅಂತ ಇದರಾಗ ಸುರುವಿಟ್ಟೇನಿ’ ಎಂದಳು ಅಕ್ಕ.

ನನ್ನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿದೆ. ವರ್ಷಗಳ ಹಿಂದೆ ನಮ್ಮ ಮನೆಯ ವಾಶ್ ಬೇಸಿನ್ ಕೆಳಗೂ ಇಂಥದೇ ಬಾಟಲಿ ಇತ್ತು. ಮೂರು ವರ್ಷದ ಮಗ ಅದರ ಮುಚ್ಚಳ ತಿರುವಿ ಬಾಯಿಯ ಹತ್ತಿರ ಒಯ್ದಿದ್ದ. ಘಾಟಿಗೆ ಕೆಮ್ಮು ಬಂದು ಬಾಟಲಿ ಕೈಜಾರಿತು. ಪಾದದ ಮೇಲೆ ಚೆಲ್ಲಿದ ಕಲೆ ಇಂದಿಗೂ ಉಳಿದಿದೆ. ತಪ್ಪು ಮಗುವಿನದಲ್ಲ. ಸರಬತ್ತಿನ ಬಾಟಲಿಯಲ್ಲಿ ಸರಬತ್ತೇ ಇರುತ್ತದೆಂದು ನಂಬಿದ್ದು ಅದರ ತಪ್ಪೇ? ಅಲ್ಲಿ ತಂದಿಟ್ಟವಳು ನಾನು.

ಅಂದು ಸಂಜೆಯೇ, ಹತ್ತನೆಯ ಇಯತ್ತೆಯಲ್ಲಿ ಓದುವ ಅಕ್ಕನ ಮಗಳು ಟೇಪು ಹಿಡಿದು ನಿಂತಳು. ಮರುದಿನ ಭಾನುವಾರ. ಅಪ್ಪ ಮಗಳು ಸೇರಿ ಮಾಡಿದ ಕೆಲಸವೇ ಈ ಲೇಖನಕ್ಕೆ ಪ್ರೇರಣೆ.

ಮೊದಲು ಲೆಕ್ಕ

ಜಾಗವಿಲ್ಲ ಎಂಬುದು ಎಲ್ಲ ಮನೆಗಳ ದೂರು. ಇದೆಯೋ ಇಲ್ಲವೋ ಎಂಬುದನ್ನು ಶಾಲೆಯಲ್ಲಿ ಕಲಿತ ಗಣಿತದಿಂದಲೇ ತಿಳಿಯಬಹುದು. ಅಕ್ಕನ ಮನೆಯ ಸಿಂಕಿನ ಕೆಳಗಿನ ಖಾನೆ 90 ಸೆಂಟಿಮೀಟರ್ ಅಗಲ, 55 ಸೆಂಟಿಮೀಟರ್ ಆಳ, 75 ಸೆಂಟಿಮೀಟರ್ ಎತ್ತರ. ಗುಣಿಸಿದರೆ 3,71,250 ಘನ ಸೆಂಟಿಮೀಟರ್. ಸಾವಿರ ಘನ ಸೆಂಟಿಮೀಟರಿಗೆ ಒಂದು ಲೀಟರ್. ಅಂದರೆ ಸುಮಾರು 371 ಲೀಟರ್. ಇದರಲ್ಲಿ ಕೆಳಗಿಳಿದಿರುವ ಸಿಂಕಿನ ತೊಟ್ಟಿ 55 x 40 x 20, ಎಂದರೆ 44 ಲೀಟರ್ ಕಳೆಯಿರಿ. 327 ಉಳಿಯಿತು. ಕೊಳವೆ ಹಾಯ್ದ ಜಾಗ, ಕೈಯಾಡಲು ಬೇಕಾದ ಜಾಗ ಎಂದು ಅರ್ಧ ಬಿಟ್ಟರೂ 160 ಲೀಟರ್ ಕೈಯಲ್ಲಿದೆ. ಹದಿನೈದು ಲೀಟರಿನ ಕೊಡಗಳಲ್ಲಿ ಎಣಿಸಿದರೆ ಹತ್ತು ಕೊಡಕ್ಕೂ ಮೇಲು. ಒಂದು ಬಾಗಿಲಿನ ಚಿಕ್ಕ ಫ್ರಿಜ್ಜಿನ ಹೊಟ್ಟೆಯಷ್ಟು!

‘ಚಿಗವ್ವಾ, ಘನಫಲದ ಲೆಕ್ಕ ಎದಕ್ಕ ಬರ್ತತಿ ಅಂತ ಇವತ್ತ ತಿಳೀತು’ ಎಂದು ಹುಡುಗಿ ನಕ್ಕಳು. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೂ ಅಳೆದು ನೋಡಿ. ಪಠ್ಯದ ಲೆಕ್ಕಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ.

ಅಜ್ಜಿಯ ಕಾಲದ ಜಾಣತನ

ಜಾಗ ಉಳಿಸುವುದು ಹೊಸ ವಿದ್ಯೆಯಲ್ಲ. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಯಲ್ಲಿ ‘ಮಾಡ’ ಅಥವಾ ಗೂಡುಗಳಿದ್ದವು. ದೀಪಕ್ಕೊಂದು, ಎಣ್ಣೆಯ ಕುಡಿಕೆಗೊಂದು, ಬಚ್ಚಲಲ್ಲಿ ಸೀಗೆಪುಡಿಗೊಂದು. ಗೋಡೆಯೊಳಗೇ ಕುಳಿತ ಕಪಾಟು ಅದು. ನೆಲದ ಒಂದಂಗುಲವನ್ನೂ ಕೇಳುತ್ತಿರಲಿಲ್ಲ. ತಲೆಯ ಮೇಲೆ ಸಾಲಾಗಿ ಪಾತ್ರೆ ಜೋಡಿಸಲು ನಾಗಂದಿಗೆ. ಬೆಕ್ಕಿಗೆ ಎಟುಕದಂತೆ ಹಾಲು ಮೊಸರು ತೂಗಿಬಿಡಲು ನೆಲುವು. ಅಪರೂಪಕ್ಕೆ ಬೇಕಾಗುವ ಹಂಡೆ ಕೊಪ್ಪರಿಗೆಗೆ ಅಟ್ಟ. ಪಾತ್ರೆ ತೊಳೆದ ಮುಸುರೆಯೂ ವ್ಯರ್ಥವಾಗದೆ ಕಲಗಚ್ಚಾಗಿ ದನಗಳ ಬಾನಿ ಸೇರುತ್ತಿತ್ತು.

ಸಿಂಕು ಬಂದದ್ದು ಆಮೇಲೆ. ಕುಕ್ಕರುಗಾಲಿನಲ್ಲಿ ಕುಳಿತು ಪಾತ್ರೆ ತೊಳೆಯುತ್ತಿದ್ದವರು ಎದ್ದು ನಿಂತರು. ಸೊಂಟಕ್ಕೆ ಸುಖವಾಯಿತು. ಆದರೆ ಗೋಡೆ ತೆಳುವಾಗಿ ಮಾಡ ಹೋಯಿತು, ಸೂರು ಸ್ಲ್ಯಾಬಾಗಿ ನೆಲುವು ಹೋಯಿತು. ಹೊಸದಾಗಿ ದೊರೆತ ಸಿಂಕಿನ ಕೆಳಗಿನ ಜಾಗಕ್ಕೆ ಮಾತ್ರ ಯಾರೂ ಒಂದು ಕೆಲಸ ಹೇಳಲಿಲ್ಲ. ಕೆಲಸವಿಲ್ಲದ ಜಾಗದಲ್ಲಿ ಕಸ ಸೇರುತ್ತದೆ.

ಹೊರದೇಶಗಳಲ್ಲಿ ಈ ಬಗ್ಗೆ ತಲೆ ಕೆಡಿಸಿಕೊಂಡವರಿದ್ದಾರೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಬಡಾವಣೆಗಳಿಗಾಗಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ಒಂದು ಅಡುಗೆಮನೆಯ ನಕ್ಷೆ ತಯಾರಿಸಿದರು. ರೈಲಿನ ಊಟದ ಬೋಗಿಯ ಚಿಕ್ಕ ಅಡುಗೆಕೋಣೆಯಿಂದ ಪಾಠ ಕಲಿತು, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದೊಳಗೆ ಎಲ್ಲವನ್ನೂ ಕೂರಿಸಿದರು. ಸಕ್ಕರೆ, ಅಕ್ಕಿಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳ ಸಾಲು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಕಟ್ಟಲ್ಪಟ್ಟವು. ಇಂದಿನ ‘ಮಾಡ್ಯುಲರ್ ಕಿಚನ್’ಗೆ ಅದೇ ಅಜ್ಜಿ. ಆದರೆ ಅಷ್ಟು ಲೆಕ್ಕಾಚಾರದ ನಕ್ಷೆಗೂ ಒಂದು ಟೀಕೆ ಬಂತು: ಡಬ್ಬಿಗಳು ತೀರಾ ಕೆಳಗಿವೆ, ಚಿಕ್ಕ ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತವೆ ಎಂದು! ಸಕ್ಕರೆ ಸಿಕ್ಕರೆ ಚಿಂತೆಯಿಲ್ಲ. ಆ್ಯಸಿಡ್ ಸಿಕ್ಕರೆ?

ಖಾಲಿ ಮಾಡಿದಾಗ ಕಂಡದ್ದು

ಭಾನುವಾರ ಬೆಳಿಗ್ಗೆ ಪರದೆ ತೆಗೆದು ಎಲ್ಲವನ್ನೂ ಅಂಗಳಕ್ಕೆ ಹಾಕಿದರು. ಆಗ ಗುಟ್ಟು ಹೊರಬಿತ್ತು. ಜೋಳದ ಚೀಲದ ತಳ ಒದ್ದೆಯಾಗಿ ಕಾಳು ಮೊಳೆತಿತ್ತು. ಸಿಂಕಿಗೂ ಕೊಳವೆಗೂ ಕೂಡುವ ಜಾಗದಲ್ಲಿ ಹನಿಹನಿಯಾಗಿ ನೀರು ಸೋರುತ್ತಿತ್ತು. ಎಷ್ಟು ದಿನದಿಂದಲೋ! ಸಾಮಾನಿನ ರಾಶಿ ಅದನ್ನು ಮುಚ್ಚಿಟ್ಟಿತ್ತು.

ಸೋರಿಕೆ ಪತ್ತೆಗೆ ಸುಲಭ ಉಪಾಯವಿದೆ. ರಾತ್ರಿ ಮಲಗುವ ಮುನ್ನ ಕೊಳವೆಯ ಕೆಳಗೆ ಒಣಗಿದ ಹಳೆಯ ಪತ್ರಿಕೆ ಹಾಸಿ, ಸಿಂಕಿಗೆ ಒಂದು ಕೊಡ ನೀರು ಸುರಿಯಿರಿ. ಬೆಳಿಗ್ಗೆ ಕಾಗದದ ಮೇಲೆ ಕಲೆ ಬಿದ್ದಲ್ಲಿ, ನೇರ ಅದರ ಮೇಲೆ ದೋಷವಿದೆ. ಬಹಳ ಸಲ ಜೋಡಣೆ ಬಿಗಿ ಮಾಡಿದರೆ, ಒಳಗಿನ ಸವೆದ ರಬ್ಬರ್ ಬಿಲ್ಲೆ ಬದಲಿಸಿದರೆ ಸಾಕು.

ಕೊಳವೆ ನೇರ ಇಳಿಯದೆ ಒಂದು ಕಡೆ ಬಾಗಿ ಮೇಲೆದ್ದಿರುವುದನ್ನು ಕಂಡು ಹುಡುಗಿ, ‘ಇದನ್ನ ನೆಟ್ಟಗ ಮಾಡಿದ್ರ ಇನ್ನಷ್ಟು ಜಾಗ ಸಿಗ್ತತಿ’ ಎಂದಳು. ಬೇಡವೇ ಬೇಡ! ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಮೋರಿಯ ದುರ್ನಾತ, ಜಿರಲೆ ಒಳಬರದಂತೆ ಕಾಯುವ ಬಾಗಿಲು ಆ ನೀರೇ. ಲಂಡನ್ನಿನ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಇಂಥ ಬಾಗು ಕೊಳವೆಯ ಶೌಚಾಲಯಕ್ಕೆ 1775ರಲ್ಲೇ ಪೇಟೆಂಟ್ ಪಡೆದ. ರಜೆಗೆ ಮನೆ ಮುಚ್ಚಿ ಬಹಳ ದಿನ ಊರಿಗೆ ಹೋಗಿ ಬಂದಾಗ ಸಿಂಕು ನಾರುತ್ತದಲ್ಲ, ಬಾಗಿನ ನೀರು ಆರಿಹೋದದ್ದೇ ಅದಕ್ಕೆ ಕಾರಣವಿರಬಹುದು. ಒಂದು ತಂಬಿಗೆ ನೀರು ಸುರಿದರೆ ಬಾಗಿಲು ಮತ್ತೆ ಮುಚ್ಚಿತು.

ಏನಿಡಬೇಕು, ಏನಿಡಬಾರದು

ಸಿಂಕಿನ ಕೆಳಗೆ ತೇವವಿರುವುದು ಸಹಜ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಆದ್ದರಿಂದ ಒಂದೇ ಸೂತ್ರ: ಒದ್ದೆಯಾದರೆ ಕೆಡುವಂಥದ್ದು ಅಲ್ಲಿಗೆ ಬೇಡ. ಧಾನ್ಯ, ಹಿಟ್ಟು, ಉಪ್ಪು, ಕಡ್ಡಿಪೆಟ್ಟಿಗೆ, ಈರುಳ್ಳಿ, ಆಲೂಗಡ್ಡೆ ಯಾವುದೂ ಕೂಡದು. ಬಕೀಟು, ನಾರು, ಬ್ರಶ್ಶು, ನೆಲ ಒರೆಸುವ ಬಟ್ಟೆ, ಹಬ್ಬಕ್ಕಷ್ಟೇ ಬೇಕಾಗುವ ದೊಡ್ಡ ಪಾತ್ರೆ, ಇವು ಇರಲಿ. ಗ್ಯಾಸ್ ಸಿಲಿಂಡರನ್ನು ಅಲ್ಲಿ ತುರುಕಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಅದು ಗಾಳಿಯಾಡುವಲ್ಲಿ, ನೆಟ್ಟಗೆ ನಿಂತಿರಬೇಕು.

ಭಾವ ಮಾಡಿದ ವ್ಯವಸ್ಥೆ ಸರಳ. ನೆಲಕ್ಕೆ ನಾಲ್ಕು ಇಟ್ಟಿಗೆ, ಅದರ ಮೇಲೆ ಮನೆ ಕಟ್ಟುವಾಗ ಉಳಿದ ಶಹಾಬಾದ ಕಲ್ಲಿನ ತುಂಡು. ನೀರು ಸೋರಿದರೂ ಕೆಳಗೆ ಹರಿದು ಹೋಗುತ್ತದೆ, ಕಣ್ಣಿಗೂ ಬೀಳುತ್ತದೆ. ಕೊಳವೆಯ ಎಡಬಲಕ್ಕೆ ಹಣ್ಣಿನಂಗಡಿಯಿಂದ ತಂದ ಎರಡೆರಡು ಪ್ಲಾಸ್ಟಿಕ್ ಕ್ರೇಟು, ಒಂದರ ಮೇಲೊಂದು. ಎಳೆದರೆ ಡ್ರಾಯರಿನಂತೆ ಹೊರಬರುತ್ತವೆ. ಮೂಲೆಯ ವಸ್ತುವಿಗಾಗಿ ತಲೆ ಒಳಗೆ ತೂರಿಸಬೇಕಿಲ್ಲ. ಮುಂದುಗಡೆ ಅಡ್ಡಲಾಗಿ ಒಂದು ಸರಳು ಕೂರಿಸಿ, ಬಟ್ಟೆ, ಬ್ರಶ್ಶುಗಳನ್ನು ಕೊಕ್ಕೆಗೆ ನೇತುಹಾಕಿದರು. ‘ನೆಲುವು ತಿರುಗಿ ಬಂತಲ್ಲವ್ವಾ!’ ಎಂದು ಅಕ್ಕನ ಅತ್ತೆಗೆ ಸಂತೋಷವೋ ಸಂತೋಷ.

ಬಚ್ಚಲಿನಲ್ಲೂ ಇದೇ ನ್ಯಾಯ. ವಾಶ್ ಬೇಸಿನ್ ಮೇಲೆ ಬರೀ ಕನ್ನಡಿ ಹೊಡೆಯುವ ಬದಲು ಕನ್ನಡಿಯ ಬಾಗಿಲಿರುವ ಚಿಕ್ಕ ಕಪಾಟು ಹಾಕಬಹುದು. ಎರಡು ಗೋಡೆ ಕೂಡುವ ಮೂಲೆಗೆ ತ್ರಿಕೋನದ ಕಲ್ಲಿನ ತುಂಡು ಕೂರಿಸಿದರೆ ಸೋಪು, ಎಣ್ಣೆಗೆ ಸ್ಥಳ. ಬಾಗಿಲಿನ ಹಿಂದೆ ಕೊಕ್ಕೆಗಳು. ಬಾಗಿಲ ಮೇಲೆ ಒಂದು ಹಲಗೆ. ಹೊಸದಾಗಿ ಮನೆ ಕಟ್ಟಿಸುವವರು ಗೋಡೆ ಏಳುವಾಗಲೇ ಗೌಂಡಿಗೆ ಹೇಳಿ ಒಂದೆರಡು ಮಾಡ ಬಿಡಿಸಿಕೊಳ್ಳಿ. ಆದರೆ ಮಾತ್ರೆ, ಔಷಧಿ ಬಚ್ಚಲಲ್ಲಿ ಬೇಡ. ಬಿಸಿನೀರಿನ ಹಬೆಗೆ ಅವು ಬೇಗ ಕೆಡುತ್ತವೆ.

ವಿಷಕ್ಕೆ ಮೇಲಿನ ಮನೆ

ಕೊನೆಗೆ ಉಳಿದದ್ದು ಆ ಹಳದಿ ಬಾಟಲಿ, ಫಿನೈಲು, ಬ್ಲೀಚಿಂಗ್ ಪೌಡರು. ಇವು ಕೆಳಗೆ ಇರಲೇಬಾರದು ಎಂದು ನಾನು ಹಟ ಹಿಡಿದೆ. ಶೌಚಾಲಯ ತೊಳೆಯುವ ಆ್ಯಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪೌಡರಿಗೆ ತಾಗಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರ ಏಪ್ರಿಲ್ 22ರಂದು, ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟ ಅನಿಲ ಇದೇ. ಹೆಚ್ಚು ಬೆಳ್ಳಗಾಗಲಿ ಎಂದು ಎರಡನ್ನೂ ಒಟ್ಟಿಗೆ ಸುರಿಯುವವರು, ಬಾಗಿಲು ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಆ ಅನಿಲವನ್ನೇ ಎಬ್ಬಿಸುತ್ತಾರೆ.

ಅಂಗಳದ ಕಡೆಯ ಗೋಡೆಗೆ, ದೊಡ್ಡವರ ತಲೆಗಿಂತ ಎತ್ತರದಲ್ಲಿ, ಚಿಲಕವಿರುವ ಚಿಕ್ಕ ಪೆಟ್ಟಿಗೆ ಹೊಡೆದು ಭಾವ ಅವಕ್ಕೆ ಜಾಗ ಮಾಡಿದರು. ಬಾಟಲಿಯ ಆ್ಯಸಿಡ್ ಖರ್ಚಾಗುವವರೆಗೆ ಕಾಯಲಿಲ್ಲ. ಎಚ್ಚರದಿಂದ ಮೂಲ ಕ್ಯಾನಿಗೇ ತಿರುಗಿ ಸುರಿದು ಬಾಟಲಿಯನ್ನು ಕತ್ತರಿಸಿ ಎಸೆದರು. ಬ್ಲೀಚಿಂಗ್ ಪೌಡರಿಗೆ ಬೇರೆಯದೇ ಸ್ಥಳವಾಯಿತು.

ಮಕ್ಕಳಿರುವ ಮನೆಯಲ್ಲಿ ನೆನಪಿಡಿ

* ಆ್ಯಸಿಡ್, ಫಿನೈಲು, ಚಿಮಣಿ ಎಣ್ಣೆ, ಗದ್ದೆಗೆ ಹೊಡೆಯುವ ಔಷಧಿಗಳನ್ನು ಎಂದೂ ಕುಡಿಯುವ ಬಾಟಲಿಗೆ ಹಾಕಬೇಡಿ. ಮೂಲ ಡಬ್ಬಿಯಲ್ಲೇ, ಚೀಟಿ ಸಮೇತ ಇರಲಿ.

* ಮಗು ಇಂಥದ್ದೇನಾದರೂ ಕುಡಿದರೆ ವಾಂತಿ ಮಾಡಿಸಬೇಡಿ. ಆ್ಯಸಿಡ್ ಮೇಲೆ ಬರುವಾಗ ಗಂಟಲನ್ನು ಮತ್ತೊಮ್ಮೆ ಸುಡುತ್ತದೆ. ಚಿಮಣಿ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪುನೀರು, ಎಣ್ಣೆ ಕುಡಿಸುವ ಮನೆಮದ್ದೂ ಬೇಡ.

* ಕೂಡಲೇ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಧಾವಿಸಿ. ಕುಡಿದ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ವೈದ್ಯರಿಗೆ ಅರ್ಧ ಉತ್ತರ ಅದರಲ್ಲೇ ಇದೆ.

* ಕಣ್ಣಿಗೆ, ಮೈಗೆ ಸಿಡಿದರೆ ಬಟ್ಟೆ ಕಳಚಿ, ಕನಿಷ್ಠ ಹದಿನೈದು ನಿಮಿಷ ಹರಿಯುವ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಿ.

* ಸಿಂಕಿನ ಕೆಳಗಿನ ಬಕೀಟಿನಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗೆ ಹರಡುವ ಸೊಳ್ಳೆಗೆ ಅಷ್ಟೇ ಸಾಕು.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಕ್ರೇಟು, ಸರಳು, ರಬ್ಬರ್ ಬಿಲ್ಲೆ ಬಿಟ್ಟರೆ ಬೇರೆ ಖರ್ಚಿಲ್ಲ. ಹೂವಿನ ಪರದೆಯನ್ನು ಅಕ್ಕ ಒಗೆದು ಮತ್ತೆ ಕಟ್ಟಿದಳು. ಬಾಗಿಲಿಗಿಂತ ಪರದೆಯೇ ವಾಸಿ, ಗಾಳಿಯಾಡುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟ ಹುಡುಗ ತೆವಳುತ್ತ ಬಂದು ಪರದೆಯೊಳಗೆ ನುಗ್ಗಿಯೇಬಿಟ್ಟ. ನಾವೆಲ್ಲ ಒಮ್ಮೆಲೇ ಎದ್ದೆವು. ಹೊರಬಂದಾಗ ಅವನ ಕೈಯಲ್ಲಿದ್ದದ್ದು ತೆಂಗಿನ ನಾರಿನ ಉಂಡೆ. ಅದನ್ನೇ ಚೆಂಡು ಮಾಡಿಕೊಂಡು ಎಸೆದು ಕೇಕೆ ಹಾಕಿದ.

ಹಿಂದಿನ ದಿನ ಅದೇ ಕೈಗೆ ಏನು ಸಿಗುತ್ತಿತ್ತೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಮಾತ್ರ ನನ್ನ ಮುಖ ನೋಡಿದಳು.

ಬರುವ ಭಾನುವಾರ ನೀವೂ ಒಮ್ಮೆ ಬಗ್ಗಿ ನೋಡುವಿರಲ್ಲ?