ಒಂಬತ್ತೂವರೆ ಸಾವಿರ ಪೌಂಡ್ ಬಲ ಎಲ್ಲಿ ಹೋಯಿತು?

ಆಷಾಢದ ಮಳೆ ಹಿಡಿದು ಮೂರನೇ ದಿನ. ಸಕಲೇಶಪುರದ ಆಚೆಗೊಂದು ಕಾಫಿ ತೋಟ. ಅದರ ಒಳದಾರಿಯಲ್ಲಿ, ಹಳ್ಳ ದಾಟಿದ ಕೂಡಲೇ ಸಿಗುವ ಕೆಮ್ಮಣ್ಣಿನ ಏರಿನಲ್ಲಿ ಗೆಳೆಯನ ಜೀಪು ಹೂತುಕೊಂಡಿತು. ಮೊದಲು ಹಿಂದಿನ ಚಕ್ರ ಇಳಿಯಿತು, ಅವನು ಆಕ್ಸಿಲರೇಟರ್ ಒತ್ತಿದಷ್ಟೂ ಮುಂದಿನದೂ ಇಳಿಯಿತು. ಕೊನೆಗೆ ಆಕ್ಸಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಿತು. ನಾವು ಐದು ಜನ ಇಳಿದು ನೂಕಿದೆವು. ಒಬ್ಬನ ಚಪ್ಪಲಿ ಕೆಸರಿನ ಪಾಲಾಯಿತೇ ಹೊರತು ಗಾಡಿ ಮಿಸುಕಲಿಲ್ಲ.

ಗೆಳೆಯ ಮಾತ್ರ ಖುಷಿಯಲ್ಲೇ ಇದ್ದ. ಜೀಪಿನ ಮೂತಿಗೆ ಹೊಸ ವಿಂಚ್ ಹಾಕಿಸಿ ಇನ್ನೂ ತಿಂಗಳಾಗಿರಲಿಲ್ಲ, ಅದನ್ನು ತೋರಿಸಲು ಇಂಥದ್ದೊಂದು ಗಳಿಗೆಗೇ ಕಾಯುತ್ತಿದ್ದ. ಅದರ ಮೈಮೇಲೆ ದಪ್ಪಕ್ಷರದಲ್ಲಿ 9500 ಪೌಂಡ್ ಎಂದಿತ್ತು. ಅಂದರೆ 4300 ಕಿಲೋ. ಜೀಪಿನ ತೂಕ ಅದರ ಅರ್ಧವೂ ಇಲ್ಲ. ಎದುರಿಗೆ ಮೂರು ಮೀಟರ್ ದೂರದಲ್ಲಿದ್ದ ಸಿಲ್ವರ್ ಓಕ್ ಮರಕ್ಕೆ ಹಗ್ಗ ಬಿಗಿದು, ರಿಮೋಟ್ ಹಿಡಿದು ಗುಂಡಿ ಒತ್ತಿದ. ಮೋಟಾರು ನರಳಿತು, ಉಕ್ಕಿನ ಹಗ್ಗ ತಂತಿಯಂತೆ ಬಿಗಿಯಾಯಿತು, ಜೀಪು ಒಮ್ಮೆ ಮೈ ನಡುಗಿಸಿ ಸುಮ್ಮನಾಯಿತು. ಹೆಡ್‌ಲೈಟು ಹಳದಿಗೆ ತಿರುಗಿತು. ಆಮೇಲೆ ಟಿಕ್, ಟಿಕ್ ಎಂಬ ಸದ್ದು. ಆಮೇಲೆ ಅದೂ ಇಲ್ಲ.

ತೋಟದ ಟ್ರ್ಯಾಕ್ಟರ್ ಡ್ರೈವರ್ ಕೊಡೆ ಹಿಡಿದು ಅಷ್ಟು ಹೊತ್ತೂ ನೋಡುತ್ತಿದ್ದ. ‘ಹಗ್ಗ ಬಿಚ್ಚೇ ಇಲ್ವಲ್ಲ ಸಾರ್’ ಅಂದ.

ವಿಂಚ್ ಕೊಳ್ಳುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಆ ಮಾತಿನಲ್ಲೇ ಇತ್ತು. ಅಂಗಡಿಯವನು ಅದನ್ನು ಹೇಳಿರಲಿಲ್ಲ.

ವಿಂಚ್ ಎಂದರೆ ಬಾವಿಯ ರಾಟೆಯ ದೂರದ ನೆಂಟ. ಒಂದು ಡ್ರಮ್ಮು, ಅದಕ್ಕೆ ಸುತ್ತಿದ ಇಪ್ಪತ್ತೈದು ಮೂವತ್ತು ಮೀಟರ್ ಹಗ್ಗ, ತಿರುಗಿಸಲು 12 ವೋಲ್ಟಿನ ಮೋಟಾರು, ನಡುವೆ ಗೇರುಗಳ ಸಾಲು. ಮೋಟಾರು ನೂರೈವತ್ತು ಇನ್ನೂರು ಸಲ ಗಿರಕಿ ಹೊಡೆದರೆ ಡ್ರಮ್ಮು ಒಂದು ಸುತ್ತು ತಿರುಗುತ್ತದೆ. ವೇಗವನ್ನು ಕೊಟ್ಟು ಬಲವನ್ನು ಕೊಂಡುಕೊಳ್ಳುವ ವ್ಯಾಪಾರ ಅದು. ಡಬ್ಬಿಯ ಮೇಲೆ ಬರೆದ ಬಲ ಸಿಗುವುದು ಹಗ್ಗದ ಮೊದಲ ಪದರದಲ್ಲಿ ಮಾತ್ರ, ಅಂದರೆ ಹಗ್ಗವೆಲ್ಲ ಹೊರಗೆ ಹೋಗಿ ಡ್ರಮ್ಮಿನ ಮೈಗೆ ಅಂಟಿಕೊಂಡಷ್ಟೇ ಉಳಿದಾಗ. ಹಗ್ಗದ ಮೇಲೆ ಹಗ್ಗ ಸುತ್ತಿಕೊಳ್ಳುತ್ತಾ ಹೋದಂತೆ ಡ್ರಮ್ಮು ದಪ್ಪವಾಗುತ್ತದೆ, ತಿರುಗಿಸುವ ಶಕ್ತಿ ಅಷ್ಟೇ ಇದ್ದರೂ ಎಳೆಯುವ ಬಲ ಕುಗ್ಗುತ್ತದೆ. ನಾಲ್ಕನೇ ಪದರದ ಹೊತ್ತಿಗೆ ಸುಮಾರು ಮೂರನೇ ಒಂದು ಪಾಲು ಬಲ ಮಾಯ. ಮೂರು ಮೀಟರ್ ದೂರದ ಮರಕ್ಕೆ ಕಟ್ಟಿದ ನಮ್ಮ ಗೆಳೆಯ ತಾನು ದುಡ್ಡು ಕೊಟ್ಟು ತಂದ ಬಲದ ಮೂರನೇ ಒಂದನ್ನು ಡ್ರಮ್ಮಿನಲ್ಲೇ ಬಿಟ್ಟಿದ್ದ.

ಇನ್ನುಳಿದದ್ದಾದರೂ ಸಾಲಬೇಕಿತ್ತಲ್ಲ? ಇಲ್ಲಿ ಕೆಸರಿನ ಲೆಕ್ಕ ಬರುತ್ತದೆ. ಸಮನೆಲದ ಮೇಲೆ ಜೀಪನ್ನು ಇಬ್ಬರು ತಳ್ಳಬಹುದು. ಹೂತ ಗಾಡಿಯ ಕಥೆ ಬೇರೆ, ಅದನ್ನು ಮಣ್ಣು ಹೀರಿ ಹಿಡಿದಿರುತ್ತದೆ. ಹೂತ ವಾಹನ ಎಳೆಯುವ ಸೈನಿಕರಿಗೆ ಅಮೆರಿಕದ ಸೇನೆ ಕಲಿಸುವ ಅಂದಾಜು ಹೀಗಿದೆ: ಚಕ್ರದ ಮಟ್ಟಕ್ಕೆ ಹೂತಿದ್ದರೆ ಗಾಡಿಯ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕಾದರೆ ಅದರ ಎರಡರಷ್ಟು, ಕ್ಯಾಬಿನ್ನಿನವರೆಗೆ ಮುಳುಗಿದ್ದರೆ ಮೂರರಷ್ಟು. ಇದರ ಮೇಲೆ ಏರು ಇದ್ದರೆ ಅದೂ ಸೇರಿತು. ಮಲೆನಾಡಿನ ಮಳೆಗಾಲದ ದಾರಿಯಲ್ಲಿ ಏರಿಲ್ಲದ ಜಾಗ ಎಲ್ಲಿದೆ?

ಎಷ್ಟು ಪೌಂಡಿನ ವಿಂಚ್ ತರಬೇಕು ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಸೂತ್ರವೊಂದಿದೆ. ಜನ, ಸಾಮಾನು, ಡೀಸೆಲ್ ಎಲ್ಲ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು. ನಮ್ಮಲ್ಲಿ ಸಿಗುವ ಐದು ಬಾಗಿಲಿನ ಜಿಮ್ನಿಯ ಪೂರ್ತಿ ಹೇರಿದ ತೂಕ 1545 ಕಿಲೋ. ಒಂದೂವರೆ ಪಟ್ಟು ಎಂದರೆ 2300 ಕಿಲೋ ಚಿಲ್ಲರೆ, ಪೌಂಡಿನಲ್ಲಿ 5100. ಡೀಸೆಲ್ ಥಾರ್ ಜನ ಸಾಮಾನು ತುಂಬಿಕೊಂಡರೆ ಎರಡು ಟನ್ ದಾಟುತ್ತದೆ, ಅದಕ್ಕೆ ಎಂಟು ಸಾವಿರದಿಂದ ಒಂಬತ್ತೂವರೆ ಸಾವಿರ ಪೌಂಡಿನದು ಸರಿ. ಆದರೂ ಅಂಗಡಿಗಳಲ್ಲಿ ಜಿಮ್ನಿಗೂ ಜಿಪ್ಸಿಗೂ ಹನ್ನೆರಡು ಸಾವಿರದ್ದನ್ನು ಹಾಕಿ ಕಳಿಸುತ್ತಾರೆ. ಇದು ಇಲಿಗೆ ಆನೆಯ ದಂತ ಕಟ್ಟಿದ ಹಾಗೆ. ದೊಡ್ಡ ವಿಂಚ್, ಉಕ್ಕಿನ ಹಗ್ಗ, ಅವನ್ನು ಹೊರುವ ಬಂಪರ್ ಎಲ್ಲ ಸೇರಿದರೆ ಇಬ್ಬರು ಎತ್ತಲು ಏದುಸಿರು ಬಿಡುವಷ್ಟು ಭಾರ. ಅಷ್ಟೂ ಮುಂದಿನ ಚಕ್ರಕ್ಕಿಂತ ಮುಂದೆ ತೂಗುತ್ತದೆ. ಹಗುರವಾಗಿದೆ ಎಂಬ ಕಾರಣಕ್ಕೇ ಕೆಸರಿನಲ್ಲಿ ತೇಲಿಹೋಗುವ ಗಾಡಿ ಈಗ ಮೂತಿ ಊರಲು ಶುರು ಮಾಡುತ್ತದೆ. ಹೂತುಕೊಳ್ಳಲು ಸಹಾಯ ಮಾಡುವ ವಿಂಚನ್ನು ಯಾರಾದರೂ ಯಾಕೆ ಕೊಳ್ಳಬೇಕು?

ಬಲ ಕಡಿಮೆ ಬಿದ್ದರೆ ಅದಕ್ಕೆ ಉಪಾಯ ಅರ್ಕಿಮಿಡೀಸನ ಕಾಲದಿಂದ ಇದೆ, ಕಪ್ಪಿ. ವಿಂಚಿನವರು ಇದಕ್ಕೆ ಸ್ನ್ಯಾಚ್ ಬ್ಲಾಕ್ ಎನ್ನುತ್ತಾರೆ. ಹಗ್ಗವನ್ನು ದೂರದ ಮರಕ್ಕೆ ಕಟ್ಟಿದ ಕಪ್ಪಿಯ ಮೂಲಕ ಹಾಯಿಸಿ, ತುದಿಯನ್ನು ತಿರುಗಿ ತಂದು ಗಾಡಿಯ ಕೊಕ್ಕೆಗೇ ಹಾಕಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಜೊತೆಗೆ ಹಗ್ಗ ಇಮ್ಮಡಿ ಹೊರಗೆ ಹೋಗುವುದರಿಂದ ಡ್ರಮ್ಮೂ ತೆಳ್ಳಗಾಗುತ್ತದೆ, ಕಳೆದುಕೊಂಡಿದ್ದ ಮೂರನೇ ಒಂದೂ ಮರಳಿ ಬರುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ಆದರೆ ಕಪ್ಪಿ ಕಟ್ಟಿದ ಮರದ ಮೇಲೂ ಇಮ್ಮಡಿ ಭಾರ ಬೀಳುತ್ತದೆ, ಆದ್ದರಿಂದ ಮರ ಗಟ್ಟಿಯದಿರಬೇಕು, ಅದರ ತೊಗಟೆ ಕಿತ್ತು ಬಾರದಂತೆ ಅಗಲವಾದ ಪಟ್ಟಿ ಸುತ್ತಬೇಕು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕಿಗೆ ಬರಿ ಉಕ್ಕಿನ ಹಗ್ಗ ಬಿಗಿದವನು ತೋಟದ ಯಜಮಾನನ ಕಣ್ಣಿಗೆ ಬೀಳದಿರುವುದು ಒಳ್ಳೆಯದು.

ಕೈರಾಟೆ, ಹಗ್ಗ, ಕಪ್ಪಿಗಳಿಂದಲೇ ಏನೇನು ಎಳೆಯಬಹುದು ಎಂಬುದಕ್ಕೆ ಕೇರಳದ ಬೇಪೂರಿನ ಖಲಾಸಿಗಳು ಸಾಕ್ಷಿ. ಉರು ಎಂಬ ದೊಡ್ಡ ಮರದ ಹಡಗುಗಳನ್ನು ನೀರಿಗಿಳಿಸುವ ಕುಲಕಸುಬಿನ ಜನ ಇವರು. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲೆಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಹತ್ತಿರದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಉರುಳಿದಾಗ, ಬೋಗಿಗಳನ್ನು ನೀರಿನಿಂದ ಎಳೆದು ತೆಗೆಯಲು ಕರೆಸಿದ್ದು ಇವರನ್ನು. ಆ ದುರಂತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

ಗಾಡಿಗೆ ಕಟ್ಟುವ ವಿದ್ಯುತ್ ವಿಂಚಿನ ಚರಿತ್ರೆ ಅಷ್ಟೇನೂ ಹಳೆಯದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮಿಲಿಟರಿ ಜೀಪುಗಳು ಅಗ್ಗವಾಗಿ ಜನರ ಕೈಗೆ ಬಂದವು. ಸಿಯಾಟಲ್ ಕಡೆಯ ಆರ್ಥರ್ ವಾರ್ನ್ ಎಂಬಾತ ಅವುಗಳ ಮುಂದಿನ ಚಕ್ರಕ್ಕೆ ಬೇಕೆಂದಾಗ ಮಾತ್ರ ಶಕ್ತಿ ಹೋಗುವಂತೆ ಮಾಡುವ ಲಾಕಿಂಗ್ ಹಬ್ ತಯಾರಿಸಲು 1948ರಲ್ಲಿ ಕಂಪನಿ ಕಟ್ಟಿದ. ಅದೇ ಕಂಪನಿ 1959ರಲ್ಲಿ ಹವ್ಯಾಸಿಗಳ ಗಾಡಿಗೆಂದು ವಿದ್ಯುತ್ ವಿಂಚ್ ತಂದಿತು. ಅದಕ್ಕೆ ಮುಂಚೆ ಎಂಜಿನ್ನಿನಿಂದಲೇ ಶಾಫ್ಟ್ ಎಳೆದು ತಿರುಗಿಸುವ ವಿಂಚುಗಳಿದ್ದವು. ಅವು ದಣಿಯುವುದಿಲ್ಲ, ಆದರೆ ಹಳ್ಳದ ನಡುವೆ ಎಂಜಿನ್ ನಿಂತರೆ ವಿಂಚೂ ನಿಲ್ಲುತ್ತದೆ. 1974ರಲ್ಲಿ ಬಂದ ವಾರ್ನ್ 8274 ಎಂಬ ಮಾದರಿಗೆ ಇವತ್ತಿಗೂ ಸ್ಪರ್ಧೆಗೆ ಹೋಗುವವರಲ್ಲಿ ಭಕ್ತರಿದ್ದಾರೆ. ಅದರ ಬ್ರೇಕು ಡ್ರಮ್ಮಿನ ಒಳಗಿಲ್ಲ, ಹೊರಗಿದೆ. ಈ ಸಣ್ಣ ವಿವರ ಯಾಕೆ ಮುಖ್ಯ ಎಂಬುದು ಹಗ್ಗದ ವಿಚಾರಕ್ಕೆ ಬಂದಾಗ ಗೊತ್ತಾಗುತ್ತದೆ.

ಹಗ್ಗ ಎರಡು ಬಗೆ. ಉಕ್ಕಿನದು ಗಟ್ಟಿ, ಅಗ್ಗ. ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ, ಬಿಸಿಲಿಗೂ ಬಿಸಿಗೂ ಜಗ್ಗುವುದಿಲ್ಲ. ಆದರೆ ಅದರ ಎಳೆಗಳು ತುಂಡಾಗಿ ಮೀನಿನ ಗಾಳದಂತೆ ಹೊರಚಾಚುತ್ತವೆ, ಬರಿಗೈಯಲ್ಲಿ ಹಿಡಿದವರ ಅಂಗೈ ಸೀಳುತ್ತವೆ. ಮೈತುಂಬ ಬಲ ತುಂಬಿಕೊಂಡು ಹರಿದರೆ ಚಾಟಿಯಂತೆ ಬೀಸಿ ಬರುತ್ತದೆ, ಎದುರಿಗೆ ಸಿಕ್ಕಿದ ಗಾಜೂ ಕಾಲೂ ಒಂದೇ ಅದಕ್ಕೆ. ಹಾಗಾಗಿಯೇ ಎಳೆಯುವಾಗ ಹಗ್ಗದ ನಡುವೆ ದಪ್ಪ ಕಂಬಳಿಯನ್ನೋ ಗೋಣಿಚೀಲವನ್ನೋ ಹೇರಬೇಕು, ಜನ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಬೇಕು.

ಇನ್ನೊಂದು ಸಿಂಥೆಟಿಕ್. ಡೈನೀಮಾ ಎಂಬ ವ್ಯಾಪಾರಿ ಹೆಸರಿನಲ್ಲಿ ಹೆಚ್ಚು ಪರಿಚಿತ, ಒಂದು ಜಾತಿಯ ಪಾಲಿಥಿನ್ ನೂಲಿನಿಂದ ಹೆಣೆದದ್ದು. ಅಷ್ಟೇ ಬಲದ ಉಕ್ಕಿನ ಹಗ್ಗದ ಮುಂದೆ ಹೂವಿನಷ್ಟು ಹಗುರ, ನೀರಿನಲ್ಲಿ ತೇಲುತ್ತದೆ, ಹರಿದರೆ ಉಕ್ಕಿನಷ್ಟು ಬೀಸುವುದಿಲ್ಲ, ಅಲ್ಲೇ ಹೆಣೆದು ಮತ್ತೆ ಬಳಸಬಹುದು. ಅದರ ಶತ್ರುಗಳು ಮೂರು: ಬಿಸಿಲು, ಎಳೆಗಳೊಳಗೆ ನುಗ್ಗುವ ಮರಳು, ಬಿಸಿ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಯೇ ಹೋಗುತ್ತದೆ. ಇವತ್ತಿನ ಹೆಚ್ಚಿನ ವಿಂಚುಗಳ ಬ್ರೇಕು ಇರುವುದು ಹಗ್ಗ ಸುತ್ತುವ ಆ ಡ್ರಮ್ಮಿನ ಹೊಟ್ಟೆಯಲ್ಲೇ. ಭಾರ ಹೊತ್ತ ಗಾಡಿಯನ್ನು ಇಳಿಜಾರಿನಲ್ಲಿ ಹಗ್ಗ ಬಿಡುತ್ತಾ ಇಳಿಸಿದರೆ ಬ್ರೇಕು ಕಾದು ಡ್ರಮ್ಮು ಕೈ ಮುಟ್ಟಲಾರದಷ್ಟಾಗುತ್ತದೆ, ಹಗ್ಗದ ಒಳಪದರ ಯಾರಿಗೂ ಕಾಣದಂತೆ ಬಲ ಕಳೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ, ಗೋವಾದಲ್ಲಿ 2014ರಿಂದ ಮಳೆಗಾಲದಲ್ಲಿ ನಡೆಯುವ ರೇನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗೆ ಹೋಗುವವರಿಗೂ, ಹೆಂಡತಿ ಮಕ್ಕಳನ್ನು ಕರೆದುಕೊಂಡು ತಿರುಗುವವರಿಗೂ ಸಿಂಥೆಟಿಕ್ಕೇ ಸರಿ. ತೋಟದಲ್ಲಿ ದಿನಾ ನಾಟಾ ಎಳೆಯುವ, ತೊಳೆದು ಒರೆಸಲು ಪುರುಸೊತ್ತಿಲ್ಲದ ಗಾಡಿಗೆ ಉಕ್ಕು. ಆದರೆ ವಿಂಚಿನ ಬಾಯಲ್ಲಿ ಉಕ್ಕಿನ ಹಗ್ಗ ಓಡಾಡಿ ಗೀರು ಬಿದ್ದ ರೋಲರಿನ ಮೇಲೆ ಸಿಂಥೆಟಿಕ್ ಓಡಿಸಬಾರದು. ಅದಕ್ಕೆ ನುಣುಪಾದ ಅಲ್ಯೂಮಿನಿಯಂ ಬಾಯಿಯನ್ನೇ ಹಾಕಿಸಬೇಕು.

ಇನ್ನು ಬ್ಯಾಟರಿ. ಅಂದು ಜೀಪಿನ ಹೆಡ್‌ಲೈಟು ಹಳದಿಗೆ ತಿರುಗಿದ್ದು ಯಾಕೆ? ಪೂರ್ತಿ ಭಾರ ಎಳೆಯುವ ವಿಂಚ್ 400 ಆಂಪಿಯರಿನಷ್ಟು ಕರೆಂಟು ಕುಡಿಯುತ್ತದೆ. 55 ವಾಟಿನ ಹೆಡ್‌ಲೈಟ್ ಬಲ್ಬೊಂದು ತೆಗೆದುಕೊಳ್ಳುವುದು ನಾಲ್ಕೂವರೆ ಆಂಪಿಯರ್. ಎಂಬತ್ತಕ್ಕೂ ಹೆಚ್ಚು ಬಲ್ಬುಗಳನ್ನು ಒಟ್ಟಿಗೆ ಹೊತ್ತಿಸಿದ ಹಾಗೆ. ಗೆಳೆಯನ ಬ್ಯಾಟರಿ ಮೂರು ವರ್ಷ ಹಳೆಯದು, ಮೇಲಾಗಿ ಡೀಸೆಲ್ ಉಳಿಸಲು ಅವನು ಎಂಜಿನ್ ಆಫ್ ಮಾಡಿದ್ದ! ವಿಂಚ್ ಎಳೆಯುವಾಗ ಎಂಜಿನ್ ಓಡುತ್ತಿರಲೇಬೇಕು, ಒಂದು ನಿಮಿಷ ಎಳೆದರೆ ಮೋಟಾರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬಿಡುವು ಕೊಡಬೇಕು. ಕಣ್ಣಿಗೆ ಬೀಳುವ ವಿಂಚಿಗೆ ಲಕ್ಷ ಸುರಿದು ಬಾನೆಟ್ಟಿನ ಕೆಳಗಿನ ಬ್ಯಾಟರಿ, ವೈರು, ಸ್ವಿಚ್ಚಿಗೆ ಜಿಪುಣತನ ಮಾಡುವವರೇ ಹೆಚ್ಚು. ನಾನಾದರೆ ಮೊದಲು ಬ್ಯಾಟರಿ ಬದಲಾಯಿಸುತ್ತೇನೆ.

ಕಾನೂನಿನ ಮಾತು ಚಿಕ್ಕದು, ಆದರೆ ಕೇಳಲೇಬೇಕಾದದ್ದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಗಳ ಮುಂದಿನ ಬುಲ್‌ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಅಡ್ಡ ನಿಲ್ಲುತ್ತದೆ. ವಿಂಚಿಗಾಗಿ ಹಾಕುವ ದೊಡ್ಡ ಉಕ್ಕಿನ ಬಂಪರ್ ಪೊಲೀಸರ ಕಣ್ಣಿಗೆ ಮೊದಲು ಬೀಳುವ ವಸ್ತು. ಗಾಡಿಗೆ ಏರ್‌ಬ್ಯಾಗ್ ಇದ್ದರೆ ಅಪಘಾತದಲ್ಲಿ ಅದು ಸರಿಯಾಗಿ ತೆರೆಯುವುದಕ್ಕೂ ಇಂಥ ಬಂಪರ್ ಅಡ್ಡಿಯಾದೀತು. ಹಾಗೆಯೇ, ವಿಂಚ್ ಇದೆ ಎಂಬ ಧೈರ್ಯದಲ್ಲಿ ಮೀಸಲು ಅರಣ್ಯಕ್ಕೋ ಶೋಲಾ ಕಾಡಿನ ಹುಲ್ಲುಗಾವಲಿಗೋ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಚಕ್ರ ಸೀಳಿದ ಗುಡ್ಡದ ಮಣ್ಣು ಮುಂದಿನ ಮಳೆಗೆ ಹಳ್ಳ ಸೇರುತ್ತದೆ, ಅದನ್ನು ಮೇಲಕ್ಕೆ ಎಳೆದು ತರುವ ವಿಂಚ್ ಯಾವ ಅಂಗಡಿಯಲ್ಲೂ ಇಲ್ಲ.

ಅಷ್ಟಕ್ಕೂ ಎಲ್ಲರಿಗೂ ವಿಂಚ್ ಬೇಕೇ? ಮಳೆಗಾಲದಲ್ಲಿ ಟೈರಿಗೆ ಚೈನು ಕಟ್ಟಿ ದಿನವೂ ತೋಟದ ದಾರಿಯಲ್ಲಿ ಓಡಾಡುವ ಡ್ರೈವರುಗಳ ಹತ್ತಿರ ಒಂದು ಗುದ್ದಲಿ, ಎರಡು ಹಲಗೆ, ಒಂದು ಗಟ್ಟಿ ಹಗ್ಗ ಇರುತ್ತದೆ. ಇನ್ನೊಂದು ಗಾಡಿಯ ಜೊತೆ ಹೋಗುವವರಿಗೆ ಇಷ್ಟೇ ಸಾಕು. ಒಂಟಿ ಗಾಡಿಯಲ್ಲಿ, ಫೋನು ಸಿಗದ ಕಡೆ ಪದೇ ಪದೇ ಹೋಗುವವರಿಗೆ ಮಾತ್ರ ವಿಂಚ್ ಅಗತ್ಯ. ಉಳಿದವರಿಗೆ ಅದು ಗಾಡಿಯ ಮೂಗುತಿ.

ಅಂದು ಜೀಪು ಹೊರಗೆ ಬಂತು. ಡ್ರೈವರ್ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಎಳೆದು ಜೀಪು ಸ್ಟಾರ್ಟ್ ಮಾಡಿಸಿದ, ಪಾಕೀಟೂ ಒಡೆಯದೆ ಡಿಕ್ಕಿಯಲ್ಲಿ ಬಿದ್ದಿದ್ದ ಕಪ್ಪಿಯನ್ನು ಹುಡುಕಿ ತೆಗೆದ, ಹನ್ನೆರಡು ಮೀಟರ್ ಮೇಲಿದ್ದ ಹಲಸಿನ ಮರಕ್ಕೆ ಪಟ್ಟಿ ಸುತ್ತಿ ಕಟ್ಟಿದ. ಗುದ್ದಲಿಯಿಂದ ಚಕ್ರದ ಮುಂದಿನ ಮಣ್ಣು ಕೆತ್ತಿದ. ಆಮೇಲೆ ವಿಂಚ್ ಹೆಚ್ಚು ನರಳಲೂ ಇಲ್ಲ. ಬಸವನ ಹುಳುವಿನ ವೇಗದಲ್ಲಿ ಜೀಪು ಮೇಲೇರಿತು.

ಇಷ್ಟೆಲ್ಲ ಓದಿಯೂ ಕೊಳ್ಳುವ ಮನಸ್ಸಿದ್ದರೆ ಒಂದು ಕೆಲಸ ಮಾಡಿ. ವಿಂಚ್ ಕೂರಿಸಿದ ಮರುದಿನವೇ ಕೈಗವಸು ಹಾಕಿಕೊಂಡು ಹಗ್ಗವನ್ನು ಬಿಚ್ಚಿ. ಉಕ್ಕಿನದಾದರೆ ಐದು ಸುತ್ತು, ಸಿಂಥೆಟಿಕ್ ಆದರೆ ಹತ್ತು ಸುತ್ತು ಡ್ರಮ್ಮಿನಲ್ಲೇ ಉಳಿಯಲಿ. ತುದಿಯನ್ನು ಗಟ್ಟಿ ಮರಕ್ಕೆ ಕಟ್ಟಿ, ಸಣ್ಣ ಏರಿನಲ್ಲಿ ಗಾಡಿ ತನ್ನನ್ನೇ ಎಳೆದುಕೊಳ್ಳುವಂತೆ ಬಿಗಿಯಾಗಿ, ಸಾಲು ತಪ್ಪದಂತೆ ಮತ್ತೆ ಸುತ್ತಿಸಿ. ಅಂಗಡಿಯಿಂದ ಬಂದ ಹಗ್ಗ ಸಡಿಲವಾಗಿ ಸುತ್ತಿರುತ್ತದೆ. ಹಾಗೇ ಬಿಟ್ಟರೆ ಮೊದಲ ಸಲ ಭಾರ ಬಿದ್ದಾಗಲೇ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಕಚ್ಚಿಕೊಂಡು ಕೂರುತ್ತದೆ.