ಕೊಳವೆಯಲ್ಲಿ ಸಿಕ್ಕಿದ ಭಂಡಾರ

ಕಬ್ಬಿಣದ ಕೊಳವೆಯೊಂದು ಕಟ್ಟಿಕೊಂಡಿತು. 1940ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯವರು ಸೈಕ್ಲೋಪೆಂಟಡೈಯೀನ್ ಎಂಬ ದ್ರವದ ಬಿಸಿ ಆವಿಯನ್ನು ಅದರೊಳಗೆ ಹಾಯಿಸುತ್ತಿದ್ದರು. ಆವಿ ಕೊಳವೆಯ ಗೋಡೆಯನ್ನೇ ತಿಂದು ಹಳದಿ ಗಸಿಯಾಗಿ ಕೂತಿತು. ಕಂಪನಿಗೆ ಅದೊಂದು ತಲೆನೋವು, ಅಷ್ಟೆ. ಯಾರೋ ಒಬ್ಬರು ಮಾತ್ರ ಒಂದಿಷ್ಟು ಗಸಿಯನ್ನು ತೆಗೆದಿಟ್ಟಿದ್ದರು. ವರ್ಷಗಳು ಕಳೆದ ಮೇಲೆ ಬ್ರಿಮ್ ಎಂಬ ರಸಾಯನಶಾಸ್ತ್ರಜ್ಞ ಪತ್ರಿಕೆಯಲ್ಲಿ ಹೊಸ ಸಂಯುಕ್ತವೊಂದರ ವರದಿ ಓದಿ, ಆ ಹಳೇ ಗಸಿಯನ್ನು ತರಿಸಿ ಪರೀಕ್ಷಿಸಿದರು. ಅದೂ ಇದೂ ಒಂದೇ ಆಗಿತ್ತು.

ಆ ಸಂಯುಕ್ತದ ಹೆಸರು ಫೆರೊಸೀನ್. ಶುದ್ಧ ಮಾಡಿದ ಹರಳನ್ನು ಗಾಜಿನ ತಟ್ಟೆಗೆ ಸುರುವಿದರೆ ಸಂಪಗಾಂವ ಸೀಮೆಯವರಿಗೆ ನೆನಪಾಗುವುದು ಯಲ್ಲಮ್ಮನ ಗುಡ್ಡವೇ. ಬಣ್ಣ ಅಲ್ಲಿನ ಅರಿಸಿನದ ಭಂಡಾರಕ್ಕಿಂತ ತುಸು ಕೆಂಪು, ಕುಂಕುಮಕ್ಕಿಂತ ಬಹಳ ಹಳದಿ. ವಾಸನೆ ಕರ್ಪೂರದ್ದು. ಕರ್ಪೂರದ ಹಾಗೆಯೇ ಕಾಯಿಸಿದರೆ ನೀರಾಗುವ ಮೊದಲೇ ಆವಿಯಾಗಿ ಎದ್ದು, ಮೇಲಿನ ತಣ್ಣನೆಯ ಗಾಜಿಗೆ ಮತ್ತೆ ಹರಳಾಗಿ ಅಂಟುತ್ತದೆ. ಸವದತ್ತಿಯ ಗುಡ್ಡದಲ್ಲಿ ‘ಉಧೋ ಉಧೋ’ ಎಂದು ಎರಚುವ ಭಂಡಾರಕ್ಕೂ ಈ ಹರಳಿಗೂ ಮುಂದೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಿಜವಾಗಿಯೇ ನಂಟು ಬೆಳೆಯಿತು. ಆ ಕತೆಗೆ ಮೊದಲು ಒಂದು ಜಗಳವನ್ನು ದಾಟಬೇಕು.

1951ರಲ್ಲಿ ಪಿಟ್ಸ್‌ಬರ್ಗ್‌ನ ಡ್ಯೂಕೇನ್ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ಪಾಸನ್‌ಗೆ ಬೇಕಿದ್ದದ್ದು ಫೆರೊಸೀನ್ ಅಲ್ಲ, ಫುಲ್ವಲೀನ್. ಐದೈದು ಇಂಗಾಲದ ಎರಡು ಉಂಗುರಗಳನ್ನು ಬೆಸೆದರೆ ಅದಾಗುತ್ತದೆ. ಬೆಸೆಯುವ ಕೆಲಸ ಕಬ್ಬಿಣದ ಕ್ಲೋರೈಡ್‌ನದು. ಮುಗಿದ ಮೇಲೆ ಕಬ್ಬಿಣ ತನ್ನ ಪಾಡಿಗೆ ತಾನು ಹೊರಗೆ ಹೋಗಬೇಕಿತ್ತು. ಪಾಸನ್‌ರ ವಿದ್ಯಾರ್ಥಿ ಥಾಮಸ್ ಕೀಲಿ ಪ್ರಯೋಗ ಮಾಡಿದರೆ ಪಾತ್ರೆಯಲ್ಲಿ ಕಂಡದ್ದು ಕಿತ್ತಳೆ ಬಣ್ಣದ ಹರಳು. ಕಬ್ಬಿಣ ಹೊರಗೆ ಹೋಗಿರಲೇ ಇಲ್ಲ. ಹತ್ತು ಇಂಗಾಲ, ಹತ್ತು ಜಲಜನಕ, ಒಂದು ಕಬ್ಬಿಣ. ಗಾಳಿಗೆ ಕೆಡಲಿಲ್ಲ, ನೀರಿಗೆ ಕರಗಲಿಲ್ಲ. ಕಬ್ಬಿಣಕ್ಕೂ ಇಂಗಾಲಕ್ಕೂ ಇಂಥ ಗಟ್ಟಿ ಸಂಸಾರ ಸಾಧ್ಯವೆಂದು ಆವರೆಗೆ ಯಾರೂ ನಂಬಿರಲಿಲ್ಲ. ಹೊಸ ಬಾಗಿಲು ತೆರೆದವರ ಹೆಸರು ಕೀಲಿ ಎಂದಿರುವುದು ಬರೀ ಕನ್ನಡದ ತಮಾಷೆ. ಆದರೆ ಆ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

ಇಬ್ಬರ ಬರಹ 1951ರ ಡಿಸೆಂಬರ್ 15ರ ‘ನೇಚರ್’ ಪತ್ರಿಕೆಯಲ್ಲಿ ಬಂತು. ಬ್ರಿಟಿಷ್ ಆಕ್ಸಿಜನ್ ಕಂಪನಿಯ ಮಿಲ್ಲರ್, ಟೆಬ್ಬತ್, ಟ್ರಿಮೇನ್ ಎಂಬ ಮೂವರು ಬೇರೆಯೇ ದಾರಿಯಲ್ಲಿ ಇದೇ ಹರಳನ್ನು ಪಡೆದು, ಒಂದು ತಿಂಗಳು ಮುಂಚೆಯೇ ಇನ್ನೊಂದು ಪತ್ರಿಕೆಗೆ ಕಳಿಸಿದ್ದರು. ಅದು ಅಚ್ಚಾದದ್ದು ಮಾತ್ರ 1952ರಲ್ಲಿ. ಸಂಶೋಧನೆಯಲ್ಲಿ ಅಂಚೆಯ ತಾರೀಖಿಗಿಂತ ಅಚ್ಚಿನ ತಾರೀಖಿಗೆ ಬೆಲೆ ಹೆಚ್ಚು.

ಹರಳನ್ನು ಸಿದ್ಧಪಡಿಸಿದ ಪಾಸನ್ ಮತ್ತು ಕೀಲಿ ಅದರ ರಚನೆಯನ್ನು ತಪ್ಪಾಗಿ ಊಹಿಸಿದ್ದರು. ಕಬ್ಬಿಣ ನಡುವೆ, ಆಚೆಗೊಂದು ಈಚೆಗೊಂದು ಉಂಗುರ, ಒಂದೊಂದಕ್ಕೂ ಒಂದೇ ಕೊಂಡಿ ಎಂದು ಬರೆದರು. ಹಾರ್ವರ್ಡ್‌ನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಜೆಫ್ರಿ ವಿಲ್ಕಿನ್‌ಸನ್ 1952ರ ಜನವರಿಯಲ್ಲಿ ಆ ಪುಟ ಓದಿದರು. ಅದೇ ಹಾರ್ವರ್ಡ್‌ನ ದೊಡ್ಡ ತಲೆ ರಾಬರ್ಟ್ ವುಡ್‌ವರ್ಡ್ ಕೂಡ ಓದಿದರು. ಇಬ್ಬರಿಗೂ ಇದು ಹೀಗಿರಲಾರದು ಅನ್ನಿಸಿತು. ಎರಡು ಉಂಗುರ ಒಂದರ ಮೇಲೊಂದು ಮಲಗಿವೆ, ಕಬ್ಬಿಣ ನಡುವೆ ಕೂತು ಹತ್ತೂ ಇಂಗಾಲಗಳನ್ನು ಸಮನಾಗಿ ಹಿಡಿದಿದೆ ಎಂಬುದು ಅವರ ವಾದ. ಜಗತ್ತು ಅದನ್ನು ಸ್ಯಾಂಡ್‌ವಿಚ್ ಎಂದು ಕರೆಯಿತು. ಬೈಲಹೊಂಗಲದವರು ಯಾರಾದರೂ ಕಂಡಿದ್ದರೆ ಬೀಸುಕಲ್ಲು ಎನ್ನುತ್ತಿದ್ದರೇನೋ. ಕೆಳಗೊಂದು ಕಲ್ಲು, ಮೇಲೊಂದು ಕಲ್ಲು, ನಡುವೆ ಕಬ್ಬಿಣದ ಕೀಲು. ಅದೇ ಹೆಚ್ಚು ಸರಿಯಾದ ಹೋಲಿಕೆಯೂ ಹೌದು, ಏಕೆಂದರೆ ಫೆರೊಸೀನ್‌ನ ಉಂಗುರಗಳು ತಮ್ಮ ನಡುವಿನ ಕಬ್ಬಿಣದ ಮೇಲೆ ಸಲೀಸಾಗಿ ತಿರುಗುತ್ತವೆ. ಯಾವ ಸ್ಯಾಂಡ್‌ವಿಚ್ ಹಾಗೆ ತಿರುಗೀತು?

ಬೆಂಜೀನ್‌ನ ಹಾಗೆ ವರ್ತಿಸುವ ಈ ಹರಳಿಗೆ ಅದರ ನೆನಪಿನಲ್ಲಿ ‘ಫೆರೊಸೀನ್’ ಎಂಬ ಹೆಸರನ್ನು ಕೊಟ್ಟವರು ವುಡ್‌ವರ್ಡ್ ಜೊತೆಗಿದ್ದ ಮಾರ್ಕ್ ವೈಟಿಂಗ್. ಮ್ಯೂನಿಕ್‌ನಲ್ಲಿ ಎರ್ನ್‌ಸ್ಟ್ ಒಟ್ಟೊ ಫಿಷರ್ ರಚನೆಯ ಬಗ್ಗೆ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು.

ಜಗಳ ಶುರುವಾದದ್ದು ಇಪ್ಪತ್ತೊಂದು ವರ್ಷದ ಮೇಲೆ. 1973ರ ಅಕ್ಟೋಬರ್‌ನಲ್ಲಿ ನೊಬೆಲ್ ಪ್ರಶಸ್ತಿ ಫಿಷರ್ ಮತ್ತು ವಿಲ್ಕಿನ್‌ಸನ್‌ಗೆ ಎಂದು ಘೋಷಣೆಯಾಯಿತು. ವುಡ್‌ವರ್ಡ್ ಅದಾಗಲೇ, 1965ರಲ್ಲಿ, ಬೇರೆ ಕೆಲಸಕ್ಕೆ ನೊಬೆಲ್ ಪಡೆದವರು. ಆದರೂ ಸುಮ್ಮನಿರಲಾಗಲಿಲ್ಲ. ಸುದ್ದಿ ಓದಿದ ಎರಡೇ ದಿನಕ್ಕೆ ನೊಬೆಲ್ ಸಮಿತಿಗೆ ಪತ್ರ ಬರೆದು, ನಯವಾದ ಮಾತಿನಲ್ಲಿ, ನೀವು ದೊಡ್ಡ ಅನ್ಯಾಯ ಮಾಡಿದ್ದೀರಿ ಎಂದರು. ಆ ರಚನೆಯನ್ನು ಕಂಡದ್ದು ತಾನು, ವಿಲ್ಕಿನ್‌ಸನ್ ಬಂದು ಸೇರಿಕೊಂಡದ್ದು ಆಮೇಲೆ ಎಂಬುದು ಅವರ ತಕರಾರು. ವಿಲ್ಕಿನ್‌ಸನ್ ಕೂಡ ಬಾಯಿ ಕಟ್ಟಿಕೊಳ್ಳಲಿಲ್ಲ; 1975ರಲ್ಲಿ ಆ ಮೊದಲ ನಾಲ್ಕು ತಿಂಗಳ ನೆನಪುಗಳನ್ನು ಬರೆದು ಅಚ್ಚು ಹಾಕಿಸಿದರು. ಅವರ ಲೆಕ್ಕದಲ್ಲಿ ರಚನೆ ತನ್ನದು. ಅದು ಬೆಂಜೀನ್‌ನಂತೆ ವರ್ತಿಸುತ್ತದೆ ಎಂಬ ಹೊಳಹು ವುಡ್‌ವರ್ಡ್‌ರದು. 2000ದಲ್ಲಿ ಪಿಯರ್ ಲಾಸ್ಲೊ ಮತ್ತು ರೋಆಲ್ಡ್ ಹಾಫ್‌ಮನ್ ಈ ಕತೆಯನ್ನೆಲ್ಲ ಕೆದಕಿ, ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುವ ಕುರೊಸಾವಾ ಅವರ ‘ರಾಶೋಮಾನ್’ ಸಿನಿಮಾಕ್ಕೆ ಹೋಲಿಸಿದರು.

ಇಷ್ಟು ದೊಡ್ಡವರ ಇಷ್ಟು ಉದ್ದದ ವ್ಯಾಜ್ಯದಲ್ಲಿ ಹರಳನ್ನು ಕೈಯಾರೆ ಮಾಡಿದ ಕೀಲಿಯ ಹೆಸರು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಆಸ್ತಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋದಾಗ ಬಾವಿ ತೋಡಿದವನನ್ನು ಯಾರು ಸಾಕ್ಷಿಗೆ ಕರೆಯುತ್ತಾರೆ!

ವಿಲ್ಕಿನ್‌ಸನ್‌ಗೆ ಹಾರ್ವರ್ಡ್‌ನಲ್ಲಿ ಕೆಲಸ ಕಾಯಂ ಆಗಲಿಲ್ಲ. 1955ರಲ್ಲಿ ಲಂಡನ್ನಿಗೆ ಹೊರಟರು. ಅದೇ ವರ್ಷ ಅವರ ಕೈಕೆಳಗೆ ಫೆರೊಸೀನ್‌ನ ಬಳಗದ ಮೇಲೆ ಕೆಲಸ ಮಾಡಿದ ಆಲ್ಬರ್ಟ್ ಕಾಟನ್‌ಗೆ ಪಿಎಚ್‌ಡಿ ಬಂತು. ಎಂಎಸ್ಸಿ ರಸಾಯನಶಾಸ್ತ್ರ ಓದಿದವರಿಗೆ ಈ ಜೋಡಿ ಹೆಸರು ಪರಿಚಿತ. ‘ಕಾಟನ್ ಅಂಡ್ ವಿಲ್ಕಿನ್‌ಸನ್’ ಎಂದರೆ ತಲೆದಿಂಬಿನಷ್ಟು ದಪ್ಪದ ಪಠ್ಯಪುಸ್ತಕ.

ಮುಂದೆ ಟೆಕ್ಸಾಸ್‌ನಲ್ಲಿ ನೆಲೆಸಿದ ಕಾಟನ್‌ರ ಪ್ರಯೋಗಾಲಯಕ್ಕೆ 1980ರ ದಶಕದಲ್ಲಿ ಕೊಲ್ಕತ್ತದಿಂದ ಒಬ್ಬರು ಹೋದರು. ಅವರು ಅಖಿಲ್ ಆರ್. ಚಕ್ರವರ್ತಿ. 1985ರಲ್ಲಿ ಭಾರತಕ್ಕೆ ಮರಳಿ ಸೇರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಜಾಗ. ಮೊದಲ ವರ್ಷಗಳ ಕೆಲಸವನ್ನೆಲ್ಲ ಇಲ್ಲಿ ವಿವರಿಸಿದರೆ ಓದುಗರು ಪುಟ ಮಗುಚಿಬಿಟ್ಟಾರು: ಜೋಡಿ ರುಥೇನಿಯಂ, ಜೋಡಿ ತಾಮ್ರ, ಅವುಗಳ ನಡುವಿನ ಕೊಂಡಿಗಳು. 1998ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಹೊಸ ಶತಮಾನದಲ್ಲಿ ಗಮನ ಬೆಳಕಿನ ಕಡೆ ಹೊರಳಿತು.

ಕ್ಯಾನ್ಸರಿಗೆ ಬೆಳಕಿನ ಚಿಕಿತ್ಸೆ ಎಂಬುದೊಂದಿದೆ. ಔಷಧ ಮೈಯೆಲ್ಲ ಹರಿದರೂ ಕತ್ತಲಲ್ಲಿ ತೆಪ್ಪಗಿರಬೇಕು. ಗಡ್ಡೆಯ ಮೇಲೆ ಬೆಳಕು ಬಿಟ್ಟಾಗ ಅಲ್ಲಿ ಮಾತ್ರ ಕೋಶ ಸಾಯಬೇಕು. ಬಳಕೆಯಲ್ಲಿರುವ ಫೋಟೊಫ್ರಿನ್ ಎಂಬ ಔಷಧಕ್ಕೆ ಒಂದು ಕಾಟವಿದೆ: ತೆಗೆದುಕೊಂಡವರು ವಾರಗಟ್ಟಲೆ ಬಿಸಿಲಿಗೆ ಬರುವಂತಿಲ್ಲ. ಲೋಹದ ಸಂಯುಕ್ತಗಳಿಂದ ಬೇರೆ ದಾರಿ ಸಿಕ್ಕೀತೇ ಎಂಬುದು ಚಕ್ರವರ್ತಿಯವರ ತಂಡದ ಹುಡುಕಾಟ. 2010ರಲ್ಲಿ ಪ್ರಕಟವಾದ ಕೆಲಸದಲ್ಲಿ ತಾಮ್ರದ ಸಂಯುಕ್ತವೊಂದರ ಬಾಲಕ್ಕೆ ಫೆರೊಸೀನ್ ಕಟ್ಟಿದರು. ಬೆಳಕು ಬಿದ್ದಾಗ ಅದು ಡಿಎನ್‌ಎ ಎಳೆಯನ್ನು ತುಂಡರಿಸಿತು. ಇದು ಫೆರೊಸೀನ್‌ನದೇ ಕರಾಮತ್ತೇ ಎಂದು ತಿಳಿಯಲು ಅದೇ ಜಾಗದಲ್ಲಿ ಕಬ್ಬಿಣವಿಲ್ಲದ ಬರೀ ಬೆಂಜೀನ್ ಉಂಗುರ ಕೂರಿಸಿ ನೋಡಿದರು. ಕಸುವು ಇಳಿಯಿತು.

ಆಮೇಲೆ ಬಂತು ಅರಿಸಿನ. ಭಂಡಾರಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಔಷಧವಾಗಬಲ್ಲದೆಂದು ಜಗತ್ತೆಲ್ಲ ಹಾಡಿ ಹೊಗಳಿದರೂ ಅದಕ್ಕೊಂದು ದೊಡ್ಡ ಕೊರತೆ ಇದೆ. ಮೈಯೊಳಗಿನಂಥ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಲೋಹಕ್ಕೆ ಕಟ್ಟಿಹಾಕಿದರೆ ನಿಲ್ಲುತ್ತದೆ. ಚಕ್ರವರ್ತಿಯವರ ತಂಡ ವೆನೇಡಿಯಂ ಎಂಬ ಲೋಹದ ಒಂದು ಬದಿಗೆ ಕರ್ಕ್ಯುಮಿನ್, ಇನ್ನೊಂದು ಬದಿಗೆ ಫೆರೊಸೀನ್ ಹೊತ್ತ ಕೊಂಡಿ ಜೋಡಿಸಿತು. ಅದೇ ಸಂಸ್ಥೆಯ ಜೀವರಸಾಯನ ವಿಭಾಗದ ಅಂಜಲಿ ಕರಂಡೆ ಜೊತೆಗಿದ್ದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೆಳಕಿನಲ್ಲಿ ಕ್ಯಾನ್ಸರ್ ಕೋಶಗಳು ಸತ್ತವು, ಕತ್ತಲಲ್ಲಿ ಹೆಚ್ಚಿನ ಹಾನಿ ಕಾಣಲಿಲ್ಲ. ಇದೆಲ್ಲ ತಟ್ಟೆಯಲ್ಲಿ ಸಾಕಿದ ಕೋಶಗಳ ಮಾತು. ಅಂಗಡಿಯ ಅರಿಸಿನ ತಿಂದು ಬಿಸಿಲಿಗೆ ನಿಂತರೆ ಗಡ್ಡೆ ಕರಗುತ್ತದೆ ಎಂದು ಮೊಬೈಲಿನಲ್ಲಿ ಹಂಚುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಇಂಥ ಪ್ರಯೋಗಗಳಿಗೆ ಈ ತಂಡ ಬಳಸುತ್ತ ಬಂದದ್ದು ಹೀಲಾ ಕೋಶ. ಬಾಲ್ಟಿಮೋರ್‌ನ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳ ಗರ್ಭಕೊರಳಿನ ಗಡ್ಡೆಯಿಂದ, ಅವರನ್ನು ಒಂದು ಮಾತೂ ಕೇಳದೆ, ತೆಗೆದವು. ಅದೂ 1951ರಲ್ಲಿ, ಕೀಲಿಯ ಪಾತ್ರೆಯಲ್ಲಿ ಕಿತ್ತಳೆ ಹರಳು ಕಂಡ ವರ್ಷವೇ. ಆ ತಾಯಿಯ ಪೂರ್ತಿ ಹೆಸರು ಜಗತ್ತಿಗೆ ತಿಳಿಯಲು ಎರಡು ದಶಕ ಹಿಡಿಯಿತು.

ಇನ್ನು ಪಾಸನ್. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ ಮನೆತನದ ಹುಡುಗ, 1959ರಲ್ಲಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾದರು. ನೊಬೆಲ್ ಬರಲಿಲ್ಲ, ಸಮಿತಿಗೆ ಪತ್ರ ಬರೆದ ಕತೆಯೂ ಇಲ್ಲ. 1970ರ ದಶಕದ ಆರಂಭದಲ್ಲಿ ಅವರ ಪ್ರಯೋಗಾಲಯದಲ್ಲಿ ಮತ್ತೊಂದು ಹೊಸ ಕ್ರಿಯೆ ಎದುರಾಯಿತು. ಕೋಬಾಲ್ಟ್ ನೆರವಿನಿಂದ ಮೂರು ತುಂಡು ಕೂಡಿ ಐದು ಇಂಗಾಲದ ಉಂಗುರ, ಮತ್ತೆ ಐದರದೇ. ಕೈಯಾರೆ ಮಾಡಿದವರು ಅವರ ಜೊತೆಗಿದ್ದ ಇಹ್ಸಾನುಲ್ಲಾ ಖಂಡ್. ಪುಸ್ತಕಗಳಲ್ಲೆಲ್ಲ ಅದು ಪಾಸನ್–ಖಂಡ್ ಕ್ರಿಯೆ. ಖಂಡ್ 1980ರಲ್ಲಿ ತೀರಿಕೊಂಡರು. ಐದು ವರ್ಷದ ಮೇಲೆ ಆ ಕ್ರಿಯೆಯ ಬಗ್ಗೆ ಪಾಸನ್ ಒಂದು ದೀರ್ಘ ಲೇಖನ ಬರೆದರು. ತಲೆಬರಹದಲ್ಲಿ ತಮ್ಮ ಹೆಸರನ್ನು ತೆಗೆದು, ‘ಖಂಡ್ ಕ್ರಿಯೆ’ ಎಂದಷ್ಟೇ ಇಟ್ಟರು.